ಕಡಿಮೆ ಟೆನ್ಷನ್ ತಂತಿ, ಆದರೂ ಕೈಗೆ ಬಿಗಿ: ಬೇಸ್ ಗಿಟಾರ್ ಜೋಲು ಅನ್ನಿಸಿದಾಗ ದೋಷ ಹುಡುಕುವ ಬಗೆ

ಬೇಸ್ ಗಿಟಾರಿಗೆ ಕಡಿಮೆ ಟೆನ್ಷನ್‌ನ ತಂತಿ ಹಾಕಿದ್ದೀರಿ. ಎಡಗೈಗೆ ಹಾಯಾಗಿದೆ, ಬಲಗೈ ಮಾತ್ರ ಒಪ್ಪುತ್ತಿಲ್ಲ. ಮೀಟಿದರೆ ತಂತಿ ಓಲಾಡುತ್ತದೆ, ಫ್ರೆಟ್ಟಿಗೆ, ಅಂದರೆ ಎಡಗೈ ಹಿಡಿಯುವ ನೆಕ್ ಮೇಲಿನ ಲೋಹದ ಪಟ್ಟಿಗೆ, ಬಡಿದು ಝರ್ ಅನ್ನುತ್ತದೆ. ನಾಲ್ಕರಲ್ಲಿ ಅತಿ ದಪ್ಪದ ಇ ತಂತಿಯಂತೂ ಬೆರಳಿಗೆ ಎದುರೇ ಕೊಡುವುದಿಲ್ಲ. ಆಗ ತಲೆಗೆ ಬರುವ ಮೊದಲ ಯೋಚನೆ, ಈ ಸೆಟ್ ಸರಿ ಇಲ್ಲ, ಇನ್ನೊಂದು ತರೋಣ ಅಂತ.

ಸ್ವಲ್ಪ ತಡೆಯಿರಿ. ಎಷ್ಟೋ ಸಲ ತಪ್ಪು ತಂತಿಯದ್ದಾಗಿರುವುದಿಲ್ಲ. ತಂತಿ ಬದಲಾಗಿದೆ, ವಾದ್ಯ ಮಾತ್ರ ಹಳೆಯ ತಂತಿಯ ಲೆಕ್ಕದಲ್ಲೇ ಕೂತಿದೆ. ಅದನ್ನು ಸರಿ ಮಾಡದೆ ಸೆಟ್ ಮೇಲೆ ಸೆಟ್ ಬದಲಿಸಿದರೂ ಅದೇ ಜೋಲು ಕೈಗೆ ಸಿಗುತ್ತದೆ. ಹಾಗಾಗಿ ಇಲ್ಲಿ ಖರ್ಚಿಲ್ಲದ ಪರೀಕ್ಷೆಗಳು ಮೊದಲು, ತಂತಿ ಆರಿಸುವುದು ಕೊನೆಗೆ. ಕಡಿಮೆ ಟೆನ್ಷನ್ ಇದ್ದೂ ಬಿಗಿ ಅನ್ನಿಸುವ ತಂತಿ ಇದೆಯಾ ಅಂದರೆ, ಖಂಡಿತ ಇದೆ. ಆದರೆ ಆ ಬಿಗಿ ಎಲ್ಲಿಂದ ಬರುತ್ತದೆ ಅಂತ ಗೊತ್ತಿದ್ದರೆ ಮಾತ್ರ ಅದನ್ನು ಹುಡುಕಿ ತೆಗೆಯಬಹುದು.

ಬೆರಳಿಗೆ ಸಿಗುವ ಬಿಗಿಯ ಮೂಲ

ಟೆನ್ಷನ್ ಅಂದರೆ ತಂತಿ ತನ್ನ ಎರಡು ತುದಿಗಳನ್ನು ಎಳೆಯುವ ಬಲ. ಅದನ್ನು ತೀರ್ಮಾನಿಸುವುದು ಮೂರೇ ಸಂಗತಿ: ನಟ್‌ನಿಂದ (ನೆಕ್ ತುದಿಯಲ್ಲಿ ತಂತಿ ಕೂರುವ ಸಂದುಗಳ ಪಟ್ಟಿ) ಬ್ರಿಡ್ಜ್‌ವರೆಗಿನ (ಬಾಡಿಯ ಮೇಲೆ ತಂತಿಯ ಇನ್ನೊಂದು ತುದಿ ಕೂರುವ ಭಾಗ) ಉದ್ದ, ತಂತಿಯ ಒಂದಿಂಚಿನ ತೂಕ, ಮತ್ತೆ ಶ್ರುತಿ. ಫ್ರಾನ್ಸಿನ ವಿದ್ವಾಂಸ ಮರ್ಸೆನ್ 1636ರಲ್ಲೇ ಇದನ್ನು ನಿಯಮವಾಗಿ ಬರೆದಿಟ್ಟಿದ್ದ. ಬ್ರಿಡ್ಜ್ ಬದಲಿಸಿದರೆ, ತಂತಿಯನ್ನು ಬಾಡಿಯ ಹಿಂದಿನಿಂದ ಪೋಣಿಸಿದರೆ ಟೆನ್ಷನ್ ಏರುತ್ತದೆ ಅನ್ನುವ ಮಾತು ಆಗಾಗ ಕೇಳಿಬರುತ್ತದೆ. ಮೇಲಿನ ಮೂರು ಸಂಗತಿ ಬದಲಾಗದಿದ್ದರೆ ಟೆನ್ಷನ್ ಬದಲಾಗುವುದಿಲ್ಲ, ಅಷ್ಟೇ. ಕೈಗೆ ಸ್ವಲ್ಪ ಬೇರೆ ಅನ್ನಿಸಬಹುದು, ಆದರೆ ಅದಕ್ಕಾಗಿ ಬಾಡಿಗೆ ತೂತು ಕೊರೆಸಬೇಡಿ.

34 ಇಂಚಿನ ಬೇಸ್‌ನಲ್ಲಿ, ಸಾಮಾನ್ಯ ಶ್ರುತಿಯಲ್ಲಿ, 45ರಿಂದ 100ರ (ಇಂಚಿನ ಸಾವಿರದ ಲೆಕ್ಕದಲ್ಲಿ ತಂತಿಯ ದಪ್ಪ) ರೌಂಡ್‌ವೂಂಡ್ ಸೆಟ್, ಅಂದರೆ ದುಂಡು ತಂತಿ ಸುತ್ತಿದ ಸೆಟ್, ಹಾಕಿದರೆ ಒಂದೊಂದು ತಂತಿಯ ಟೆನ್ಷನ್ ಸುಮಾರು 40ರಿಂದ 50 ಪೌಂಡ್ ಇರುತ್ತದೆ. ಅಂದರೆ 18ರಿಂದ 23 ಕಿಲೋ. ಕಡಿಮೆ ಟೆನ್ಷನ್ ಸೆಟ್‌ಗಳಲ್ಲಿ ಇದು 35 ಪೌಂಡಿನ ಆಸುಪಾಸಿಗೆ ಇಳಿಯಬಹುದು.

ಆದರೆ ಬೆರಳು ಅಳೆಯುವುದು ಇದೊಂದನ್ನೇ ಅಲ್ಲ. ಒಂದು ಹಗ್ಗ, ಒಂದು ಬೆತ್ತ ತೆಗೆದುಕೊಳ್ಳಿ. ಎರಡನ್ನೂ ಒಂದೇ ಬಲದಲ್ಲಿ ಎಳೆದು ಕಟ್ಟಿ, ಪಕ್ಕದಿಂದ ಬೆರಳಲ್ಲಿ ಒತ್ತಿ ನೋಡಿ. ಬೆತ್ತ ಹೆಚ್ಚು ತಡೆಯುತ್ತದೆ, ಯಾಕೆಂದರೆ ಬಾಗುವುದಕ್ಕೇ ಅದು ಒಪ್ಪುವುದಿಲ್ಲ. ತಂತಿಗೂ ಇಂಥ ಪೆಡಸುತನ ಇರುತ್ತದೆ. ಒಂದೇ ಟೆನ್ಷನ್‌ನ ಎರಡು ತಂತಿಗಳಲ್ಲಿ ಒಂದು ಮೆತ್ತಗೆ, ಇನ್ನೊಂದು ಬಿಗಿ ಅನ್ನಿಸುವುದಕ್ಕೆ ಇದೇ ಕಾರಣ. ಇದರ ಜೊತೆಗೆ ನೀವು ತಂತಿಯನ್ನು ಎಲ್ಲಿ ಮೀಟುತ್ತೀರಿ, ಅದು ಫ್ರೆಟ್ಟಿಗೆ ಎಷ್ಟು ಬೇಗ ಬಡಿಯುತ್ತದೆ ಅನ್ನುವುದೂ ಸೇರುತ್ತದೆ. ಕಡಿಮೆ ಟೆನ್ಷನ್ ಇದ್ದೂ ಬಿಗಿ ಬೇಕು ಅನ್ನುವವರು ಹುಡುಕಬೇಕಾದದ್ದು ಈ ಉಳಿದ ಸಂಗತಿಗಳಲ್ಲಿ.

ಕಡಿಮೆ ಟೆನ್ಷನ್ ನಿಜಕ್ಕೂ ಬೇಕಾ?

ಒಂದು ಸಣ್ಣ ಪರೀಕ್ಷೆ. ಮೊದಲ ಫ್ರೆಟ್ ಮೇಲೆ ಕೇಪೋ (ಎಲ್ಲ ತಂತಿಗಳನ್ನೂ ಒತ್ತಿಹಿಡಿಯುವ ಕ್ಲಿಪ್) ಹಾಕಿ, ಅಲ್ಲಿಂದ ಮುಂದೆ ಮಾಮೂಲಿಯಾಗಿ ನುಡಿಸಿ. ಒತ್ತುವುದು ಇದ್ದಕ್ಕಿದ್ದಂತೆ ಸಲೀಸಾಯಿತಾ? ಹಾಗಾದರೆ ಎಡಗೈಗೆ ಕಷ್ಟ ಕೊಟ್ಟದ್ದು ತಂತಿಯಲ್ಲ, ನಟ್. ಅದರ ಸಂದುಗಳು ಆಳ ಸಾಲದೆ ತಂತಿ ಎತ್ತರದಲ್ಲಿ ನಿಂತಿದೆ. ನಟ್ ಸರಿ ಮಾಡಿಸಿಕೊಂಡರೆ ನಿಮ್ಮ ಹಳೆಯ ಬಿಗಿ ತಂತಿಯೇ ಹಿತವಾಗಬಹುದು. ಮೊದಲ ಮೂರು ಫ್ರೆಟ್‌ಗಳಲ್ಲಿ ಮಾತ್ರ ಕಷ್ಟ, ಮೇಲೆ ಹೋದರೆ ಸುಲಭ ಅನ್ನುವವರು ಇದನ್ನು ತಪ್ಪದೆ ನೋಡಿ.

ಕಡಿಮೆ ಟೆನ್ಷನ್‌ಗೆ ಒಳ್ಳೆಯ ಕಾರಣಗಳೂ ಇವೆ. ಹಳೆಯ ವಾದ್ಯದ ಟ್ರಸ್ ರಾಡ್ (ನೆಕ್ ಒಳಗಿನ, ಬಿಗಿ ಮಾಡಬಲ್ಲ ಲೋಹದ ಸರಳು) ಪೂರ್ತಿ ತಿರುಗಿ ಕೊನೆ ಮುಟ್ಟಿದ್ದರೆ ನೆಕ್ ಮೇಲಿನ ಭಾರ ಇಳಿಸಲೇಬೇಕು. ಕೆಲವರಿಗೆ ಆ ತೆರೆದ, ಅರಳುವ ನಾದವೇ ಇಷ್ಟ. ಇನ್ನು ಕೈ ನೋವಿನಿಂದ ತಂತಿ ಬದಲಿಸುತ್ತಿರುವವರಿಗೆ ಒಂದು ಮಾತು: ಬೆರಳು ಜೋಮು ಹಿಡಿಯುವುದು, ಮಣಿಕಟ್ಟಿನ ನೋವು ಬಿಡದೆ ಕಾಡುತ್ತಿದ್ದರೆ ವೈದ್ಯರಿಗೆ ತೋರಿಸಿ. ತಂತಿ ಅದಕ್ಕೆ ಮದ್ದಲ್ಲ.

ತಂತಿ ಹಾಕಿದ ಮರುದಿನದ ಝರ್ ಸದ್ದು

ಹೆಚ್ಚು ಜನ ಎಡವುವುದು ಇಲ್ಲೇ, ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

ಬೇಸ್‌ನ ನೆಕ್ ಎರಡು ಬಲಗಳ ನಡುವೆ ನಿಂತಿರುತ್ತದೆ. ತಂತಿಗಳು ಅದನ್ನು ಮುಂದಕ್ಕೆ ಬಾಗಿಸುತ್ತವೆ, ಟ್ರಸ್ ರಾಡ್ ಹಿಂದಕ್ಕೆ ಎಳೆಯುತ್ತದೆ. ನಾಲ್ಕು ತಂತಿ ತಲಾ 45 ಪೌಂಡ್ ಎಳೆಯುತ್ತಿದ್ದಾಗ ಒಟ್ಟು 180 ಪೌಂಡ್, ಸುಮಾರು 82 ಕಿಲೋ. ತಲಾ 35ಕ್ಕೆ ಇಳಿದರೆ 140 ಪೌಂಡ್, ಸುಮಾರು 64 ಕಿಲೋ. ನೆಕ್ ಮೇಲಿಂದ ಸುಮಾರು 18 ಕಿಲೋ ಭಾರ ಇಳಿದಿದೆ, ಆದರೆ ರಾಡ್ ಮೊದಲಿನಷ್ಟೇ ಎಳೆಯುತ್ತಿದೆ. ಆಗ ನೆಕ್ ನೆಟ್ಟಗಾಗುತ್ತದೆ, ಕೆಲವೊಮ್ಮೆ ಹಿಂದಕ್ಕೂ ಬಾಗುತ್ತದೆ. ತಂತಿ ಫ್ರೆಟ್‌ಗಳಿಗೆ ಹತ್ತಿರ ಬರುತ್ತದೆ.

ಅತ್ತ ತಂತಿಗೆ ಬೇಕಾದ ಜಾಗ ಜಾಸ್ತಿಯಾಗಿದೆ. ಟೆನ್ಷನ್ 20% ಇಳಿದರೆ, ಅದೇ ಬಲದಲ್ಲಿ ಮೀಟಿದಾಗ ತಂತಿ ಸುಮಾರು 25% ಹೆಚ್ಚು ಅಗಲಕ್ಕೆ ಓಲಾಡುತ್ತದೆ. ಓಲಾಟ ಹೆಚ್ಚಿತು, ಜಾಗ ಕಡಿಮೆಯಾಯಿತು. ಝರ್ ಅನ್ನದೆ ಇನ್ನೇನು ಮಾಡೀತು? ತಂತಿ ಫ್ರೆಟ್ಟಿಗೆ ಬಡಿದ ಕೂಡಲೇ ಅದರ ಶಕ್ತಿ ಅಲ್ಲೇ ಸೋರಿಹೋಗುತ್ತದೆ. ನಾದ ತೆಳ್ಳಗಾಗುತ್ತದೆ, ಕೈಗೆ ಜೋಲು ಅನ್ನಿಸುತ್ತದೆ. ಸೆಟ್ಟಿಂಗ್‌ನ ದೋಷ ತಂತಿಯ ದೋಷದ ಹಾಗೆ ಕಾಣುವುದು ಹೀಗೆ.

ಝರ್ ಸದ್ದು ಎಲ್ಲಿ ಬರುತ್ತದೆ ಅಂತ ಗಮನಿಸಿ. ಮೊದಲ ಐದಾರು ಫ್ರೆಟ್‌ಗಳಲ್ಲಿ ಮಾತ್ರ ಬಂದರೆ ನೆಕ್ ತೀರಾ ನೆಟ್ಟಗಾಗಿದೆ. 12ನೇ ಫ್ರೆಟ್ ದಾಟಿದ ಮೇಲೆ ಬಂದರೆ ಸ್ಯಾಡಲ್ (ಬ್ರಿಡ್ಜ್ ಮೇಲೆ ತಂತಿ ಕೂರುವ ತುಂಡು) ತಗ್ಗಾಗಿದೆ, ಅಥವಾ ಬಾಡಿಗೆ ಸೇರುವಲ್ಲಿ ನೆಕ್ ಉಬ್ಬಿದೆ. ಎಲ್ಲ ಕಡೆ ಒಂದೇ ಸಮ ಬಂದರೆ ಆ್ಯಕ್ಷನ್, ಅಂದರೆ ಫ್ರೆಟ್ ಮೇಲೆ ತಂತಿಯ ಎತ್ತರ, ಕಡಿಮೆ. ಬಿಟ್ಟ ತಂತಿಯಲ್ಲಿ ಮಾತ್ರ ಬಂದರೆ ನಟ್.

ನೆಕ್ ಅಳೆಯುವುದು ಸುಲಭ. ವಾದ್ಯವನ್ನು ಶ್ರುತಿ ಮಾಡಿ, ನುಡಿಸುವ ಭಂಗಿಯಲ್ಲೇ ಹಿಡಿದುಕೊಳ್ಳಿ. ಮೊದಲ ಫ್ರೆಟ್‌ಗೆ ಕೇಪೋ ಹಾಕಿ, ಇ ತಂತಿಯನ್ನು ಕೊನೆಯ ಫ್ರೆಟ್‌ನಲ್ಲಿ ಒತ್ತಿ. ಈಗ ತಂತಿಯೇ ನೇರವಾದ ಅಳತೆಪಟ್ಟಿ. 7 ಅಥವಾ 8ನೇ ಫ್ರೆಟ್ ಮೇಲೆ ತಂತಿಯ ಅಡಿಯಲ್ಲಿ ಎಷ್ಟು ಸಂದು ಇದೆ ನೋಡಿ. ಫೆಂಡರ್ ತನ್ನ ಬೇಸ್‌ಗಳಿಗೆ ಹೇಳುವ ಅಳತೆ ಫಿಂಗರ್‌ಬೋರ್ಡ್‌ನ ದುಂಡಿಗೆ ತಕ್ಕಂತೆ 0.010ರಿಂದ 0.014 ಇಂಚು, ಅಂದರೆ 0.25ರಿಂದ 0.35 ಮಿಲಿಮೀಟರ್. ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ವಿಸಿಟಿಂಗ್ ಕಾರ್ಡ್ ತೂರಿಸಿ ನೋಡಿ, ಅದರ ದಪ್ಪ ಸಾಮಾನ್ಯವಾಗಿ ಇದರ ಆಸುಪಾಸಿನಲ್ಲೇ ಇರುತ್ತದೆ. ಕಡಿಮೆ ಟೆನ್ಷನ್ ತಂತಿಗೆ ನಾನು ಈ ಅಳತೆಯ ಮೇಲಿನ ತುದಿಯನ್ನೇ ಇಷ್ಟಪಡುತ್ತೇನೆ.

ಸಂದು ಕಾಣದಿದ್ದರೆ ರಾಡ್ ಸಡಿಲಿಸಬೇಕು. ಸಾಮಾನ್ಯವಾಗಿ ಗಡಿಯಾರದ ಮುಳ್ಳಿಗೆ ಎದುರಾಗಿ, ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ಬೇಡ. ಮತ್ತೆ ಶ್ರುತಿ ಮಾಡಿ, ಮತ್ತೆ ಅಳೆಯಿರಿ. ಮರ ನಿಧಾನವಾಗಿ ಕೂರುತ್ತದೆ, ಹಾಗಾಗಿ ಮರುದಿನ ಇನ್ನೊಮ್ಮೆ ನೋಡಿ. ರಾಡ್ ಬಲವಂತ ಕೇಳಿದರೆ ಅಲ್ಲಿಗೇ ನಿಲ್ಲಿಸಿ, ಗಿಟಾರ್ ರಿಪೇರಿ ಬಲ್ಲವರಿಗೆ ಕೊಡಿ.

ನೆಕ್ ಸರಿಯಾದ ಮೇಲೆ ಆ್ಯಕ್ಷನ್. 17ನೇ ಫ್ರೆಟ್‌ನಲ್ಲಿ ಇ ತಂತಿಯ ಅಡಿಗೆ ಸುಮಾರು 2.4 ಮಿಲಿಮೀಟರ್, ಜಿ ತಂತಿಯ ಅಡಿಗೆ ಸುಮಾರು 2 ಮಿಲಿಮೀಟರ್ ಇಟ್ಟು ಶುರುಮಾಡಿ. ಸಾಲದಿದ್ದರೆ ಕಾಲು ಮಿಲಿಮೀಟರ್ ಏರಿಸಿ. ಟೆನ್ಷನ್ ಕಡಿಮೆ ಇರುವುದರಿಂದ ಅಷ್ಟು ಏರಿಸಿದರೂ ಎಡಗೈಗೆ ಭಾರವಾಗುವುದಿಲ್ಲ. ಕಡಿಮೆ ಟೆನ್ಷನ್ ಮತ್ತು ತೀರಾ ತಗ್ಗು ಆ್ಯಕ್ಷನ್ ಎರಡೂ ಬೇಕು ಅಂದರೆ ಬೆರಳು ತುಂಬ ಹಗುರ ಇರಬೇಕು. ಕೊನೆಗೆ ಇಂಟೊನೇಷನ್ (ಮೇಲಿನ ಫ್ರೆಟ್‌ಗಳಲ್ಲೂ ಶ್ರುತಿ ಸರಿ ಇದೆಯೇ ಅಂತ) ನೋಡುವುದನ್ನು ಮರೆಯಬೇಡಿ, ತಂತಿಯ ದಪ್ಪ ಬದಲಾದಾಗ ಸ್ಯಾಡಲ್‌ಗಳೂ ಸ್ವಲ್ಪ ಸರಿಯಬೇಕಾಗುತ್ತದೆ.

ತುದಿಗಳಲ್ಲಿ ತಂತಿ ಸರಿಯಾಗಿ ಕೂತಿದೆಯಾ?

ಹೊಸ ತಂತಿ ಸ್ಯಾಡಲ್ ಮೇಲೆ ಕಮಾನಿನ ಹಾಗೆ ಬಾಗಿ ನಿಂತಿರುತ್ತದೆ. ಅದು ಎಲ್ಲಿ ಶುರುವಾಗುತ್ತದೆ ಅನ್ನುವುದೇ ಖಚಿತವಿಲ್ಲ. ನಾದ ಮಂಕು, ಮೀಟಿದರೆ ಮೆತ್ತಗೆ. ಸ್ಯಾಡಲ್‌ನ ಮುಂದೆ ಮತ್ತು ನಟ್‌ನ ಮುಂದೆ ಹೆಬ್ಬೆರಳಿನಿಂದ ತಂತಿಯನ್ನು ಮೆಲ್ಲಗೆ ಕೆಳಗೆ ಒತ್ತಿ, ಅದು ಅಲ್ಲೇ ಚೂಪಾಗಿ ಬಾಗಿ, ಮುಂದೆ ನೇರವಾಗಲಿ. ಒಂದೇ ನಿಮಿಷದ ಕೆಲಸ, ಆದರೆ ಇ ತಂತಿಯಲ್ಲಿ ಇದು ತರುವ ವ್ಯತ್ಯಾಸ ಕಿವಿಗೇ ತಿಳಿಯುತ್ತದೆ.

ಶ್ರುತಿ ಗೂಟದ ಮೇಲೆ ತಂತಿ ಎರಡು ಮೂರು ಸುತ್ತು ಬರಬೇಕು, ಸುತ್ತುಗಳು ಮೇಲಿಂದ ಕೆಳಗೆ ಇಳಿಯಬೇಕು. ಮೇಲಕ್ಕೆ ಹತ್ತಿದರೆ ನಟ್ ಮೇಲೆ ತಂತಿ ಒತ್ತಿ ಕೂರುವುದಿಲ್ಲ, ಬಿಟ್ಟ ತಂತಿ ಗಿಲಗಿಲ ಅನ್ನುತ್ತದೆ. ಮೊದಲು 105ರ ತಂತಿ ಇದ್ದ ಸಂದಿನಲ್ಲಿ ಈಗ 95 ಹಾಕಿದ್ದರೆ ಅದು ಪಕ್ಕಕ್ಕೂ ಅಲುಗಾಡಬಹುದು. ನಟ್‌ನ ಹತ್ತಿರ ತಂತಿಯನ್ನು ಬೆರಳಿನಿಂದ ಒತ್ತಿಹಿಡಿದು ಮೀಟಿ. ಗಿಲಗಿಲ ನಿಂತರೆ ದೋಷ ಅಲ್ಲೇ ಇದೆ.

ತುದಿಗಳಲ್ಲಿ ಸುತ್ತಿದ ಬಣ್ಣದ ರೇಷ್ಮೆ ದಾರ ಸ್ಯಾಡಲ್ ಮೇಲೆ ಬಂದು ಕೂತರೂ ನಾದ ಸಾಯುತ್ತದೆ. ಆಗ ತಂತಿಯ ಉದ್ದ ನಿಮ್ಮ ವಾದ್ಯಕ್ಕೆ ಹೊಂದುತ್ತಿಲ್ಲ ಅಂತ ಅರ್ಥ.

ಪಿಕಪ್‌ನ ಅಯಸ್ಕಾಂತ

ಇ ತಂತಿಯನ್ನು 12ನೇ ಫ್ರೆಟ್‌ಗಿಂತ ಮೇಲೆ ಒತ್ತಿ ಮೀಟಿ. ಎರಡು ಸ್ವರ ಒಂದರ ಮೇಲೊಂದು ಅಲೆಯುವ ಹಾಗೆ ಕೇಳಿದರೆ ತಂತಿಯ ಅದುರನ್ನು ವಿದ್ಯುತ್ತಾಗಿಸುವ ಪಿಕಪ್ ತಂತಿಗೆ ತೀರಾ ಹತ್ತಿರ ಇದೆ. ಅಯಸ್ಕಾಂತ ತಂತಿಯನ್ನು ಎಳೆಯುತ್ತಿದೆ, ಮತ್ತು ಟೆನ್ಷನ್ ಕಡಿಮೆ ಇರುವ ತಂತಿ ಆ ಎಳೆತಕ್ಕೆ ಬೇಗ ಸೋಲುತ್ತದೆ. ಇ ತಂತಿಯ ಕಡೆ ಪಿಕಪ್ ಅನ್ನು ಒಂದೆರಡು ಸುತ್ತು ಇಳಿಸಿ, ಕಡಿಮೆಯಾದ ಸದ್ದನ್ನು ಆಂಪ್‌ನಲ್ಲಿ ಏರಿಸಿಕೊಳ್ಳಿ.

ಎಲ್ಲಿ ಮೀಟುತ್ತೀರಿ, ಎಷ್ಟು ಜೋರಾಗಿ ಮೀಟುತ್ತೀರಿ

ತಂತಿಯ ನಡುವೆ ಮೀಟಿದರೆ ಅದು ಸುಲಭಕ್ಕೆ ಬಾಗುತ್ತದೆ. ಬ್ರಿಡ್ಜ್ ಹತ್ತಿರ ಬಂದಷ್ಟೂ ಎದುರು ಕೊಡುತ್ತದೆ. 34 ಇಂಚಿನ ತಂತಿಯಲ್ಲಿ ಬ್ರಿಡ್ಜ್‌ನಿಂದ 3 ಇಂಚು ದೂರದಲ್ಲಿ ಸಿಗುವ ತಡೆ, ನಟ್ಟನಡುವೆ ಸಿಗುವುದರ ಮೂರು ಪಟ್ಟು. ಪಿಕಪ್ ಮೇಲೆ ಹೆಬ್ಬೆರಳು ಊರಿ ಒಂದೇ ಜಾಗದಲ್ಲಿ ಮೀಟುವ ಅಭ್ಯಾಸ ಇದ್ದವರಿಗೆ ಇದು ಗಮನಕ್ಕೇ ಬಂದಿರುವುದಿಲ್ಲ.

ಇದನ್ನು ಲೆಕ್ಕ ಹಾಕಿ ನೋಡಿದರೆ ಖುಷಿಯಾಗುತ್ತದೆ. ಬ್ರಿಡ್ಜ್‌ನಿಂದ 5 ಇಂಚು ದೂರ ಮೀಟುತ್ತಿದ್ದೀರಿ ಅಂದುಕೊಳ್ಳಿ. ಟೆನ್ಷನ್ 20% ಇಳಿದಿದೆ. ಕೈಯನ್ನು ಬ್ರಿಡ್ಜ್ ಕಡೆಗೆ ಒಂದೇ ಇಂಚು ಸರಿಸಿ, 4 ಇಂಚಿಗೆ ತನ್ನಿ. ಬೆರಳಿಗೆ ಹೆಚ್ಚುಕಡಿಮೆ ಮೊದಲಿನ ತಡೆಯೇ ಸಿಗುತ್ತದೆ. ನಾದ ಸ್ವಲ್ಪ ಚೂಪಾಗುತ್ತದೆ, ಅದನ್ನು ಟೋನ್ ನಾಬ್ ಇಳಿಸಿ ಸರಿಹೊಂದಿಸಬಹುದು. ಹೊಸ ಸೆಟ್ ಕೊಳ್ಳುವ ಮೊದಲು ಒಂದು ವಾರ ಹೀಗೆ ನುಡಿಸಿ ನೋಡಿ ಅಂತ ಗಟ್ಟಿಯಾಗಿ ಹೇಳುತ್ತೇನೆ. ಎಷ್ಟೋ ಜನರ ಹುಡುಕಾಟ ಇಲ್ಲೇ ಮುಗಿಯುತ್ತದೆ.

ನಿಮ್ಮ ಬಲಕ್ಕೆ ಈ ಟೆನ್ಷನ್ ಸಾಲದೇನೋ ಅಂತ ಅನುಮಾನ ಇದ್ದರೆ ಟ್ಯೂನರ್ ಹೇಳುತ್ತದೆ. ಇ ತಂತಿಯನ್ನು ನೀವು ನಿಜವಾಗಿ ನುಡಿಸುವಷ್ಟೇ ಜೋರಾಗಿ ಮೀಟಿ. ಮುಳ್ಳು ಮೊದಲು ಮೇಲಕ್ಕೆ ಹಾರಿ, ಆಮೇಲೆ ಸರಿಯಾದ ಜಾಗಕ್ಕೆ ಇಳಿಯುತ್ತಿದೆಯಾ? ಯಾವ ತಂತಿಯೂ ಸ್ವಲ್ಪ ಹೀಗೆ ಮಾಡುತ್ತದೆ. ಆದರೆ ಎ ತಂತಿಗಿಂತ ಇ ತಂತಿಯಲ್ಲಿ ಇದು ತುಂಬಾ ಜಾಸ್ತಿ ಇದ್ದರೆ, ಕೈಯ ಬಲ ಇ ತಂತಿಯ ಟೆನ್ಷನ್ ಮೀರುತ್ತಿದೆ. ಎರಡು ದಾರಿ ಇದೆ. ಆಂಪ್‌ನ ಸದ್ದು ಏರಿಸಿ ಮೆಲ್ಲಗೆ ಮೀಟುವುದು ಒಂದು. ಇ ತಂತಿಯನ್ನಷ್ಟೇ ಬದಲಿಸುವುದು ಇನ್ನೊಂದು.

ಜೋಲು ಇರುವುದು ನಾಲ್ಕರಲ್ಲೂ ಅಥವಾ ಒಂದರಲ್ಲಾ?

ಇಲ್ಲಿಂದ ತಂತಿಯ ಮಾತು ಶುರು. ಒಂದು ಕಾಗದ ತೆಗೆದುಕೊಳ್ಳಿ. ಪ್ರತಿ ತಂತಿಯ ದಪ್ಪವನ್ನು ಅದರ ಶ್ರುತಿಯ ಹರ್ಟ್ಸ್‌ನಿಂದ ಗುಣಿಸಿ. ದಪ್ಪ 45 ಅಂದರೆ 0.045 ಇಂಚು, ಆದರೆ ಲೆಕ್ಕಕ್ಕೆ 45 ಅಂತಲೇ ಬರೆದುಕೊಳ್ಳಿ. ಜಿ 98 ಹರ್ಟ್ಸ್, ಡಿ 73.4, ಎ 55, ಇ 41.2. ಪೇಟೆಯಲ್ಲಿ ಎಲ್ಲೆಡೆ ಸಿಗುವ 45-65-80-100ರ ಸೆಟ್ ಹೀಗಾಗುತ್ತದೆ:

ಜಿ: 45 × 98 = 4410
ಡಿ: 65 × 73.4 = 4771
ಎ: 80 × 55 = 4400
ಇ: 100 × 41.2 = 4120

ಒಂದೇ ಬಗೆಯ ಸುತ್ತಿನ ತಂತಿಗಳಲ್ಲಿ ಟೆನ್ಷನ್ ಈ ಸಂಖ್ಯೆಯ ವರ್ಗಕ್ಕೆ ತಕ್ಕಂತೆ ಹೋಗುತ್ತದೆ. ಸಂಖ್ಯೆ 10% ಇಳಿದರೆ ಟೆನ್ಷನ್ ಸುಮಾರು 20% ಇಳಿಯುತ್ತದೆ. ಈಗ ಮೇಲಿನ ಸಾಲುಗಳನ್ನು ಮತ್ತೆ ನೋಡಿ. ಡಿ ಎಲ್ಲಕ್ಕಿಂತ ಬಿಗಿ, ಇ ಎಲ್ಲಕ್ಕಿಂತ ಸಡಿಲ. ಡಿ ತಂತಿಯಿಂದ ಇ ತಂತಿಗೆ ಬಂದ ಬೆರಳಿಗೆ ಕಾಲುಭಾಗದಷ್ಟು ಟೆನ್ಷನ್ ಒಮ್ಮೆಲೇ ಇಳಿದುಹೋಗಿರುತ್ತದೆ. ಇ ಜೋಲು ಅನ್ನಿಸುವುದರಲ್ಲಿ ಆಶ್ಚರ್ಯವೇ ಇಲ್ಲ, ಅಲ್ವಾ? ಅದು ಜೋಲು ಅನ್ನುವುದಕ್ಕಿಂತ ಪಕ್ಕದವಕ್ಕಿಂತ ಮೆತ್ತಗಿದೆ ಅನ್ನುವುದೇ ಸರಿ.

ಇದನ್ನು ಸರಿಮಾಡಲೆಂದೇ ಬ್ಯಾಲೆನ್ಸ್ಡ್ ಟೆನ್ಷನ್ ಅನ್ನುವ ಸೆಟ್‌ಗಳಿವೆ. ತಂತಿ ತಯಾರಕ ಡಾಡ್ಡಾರಿಯೊ ಅವರ ಅಂಥ ಒಂದು ಸೆಟ್‌ನ ದಪ್ಪ 45-60-80-107. ಗುಣಿಸಿ ನೋಡಿ: 4410, 4404, 4400, 4408. ನಾಲ್ಕೂ ಒಂದೇ. ಎಷ್ಟು ಚೆನ್ನಾಗಿದೆ ಈ ಲೆಕ್ಕ!

ಆದರೆ ನಮಗೆ ಬೇಕಿರುವುದು ಕಡಿಮೆ ಟೆನ್ಷನ್. ಅದಕ್ಕೆ ನಾನು ಸೂಚಿಸುವ ಜೋಡಣೆ 40-55-75-100, ಒಂಟಿ ತಂತಿಗಳನ್ನು ಆರಿಸಿ ಕಟ್ಟಿಕೊಂಡದ್ದು. ಲೆಕ್ಕ ಹೀಗಿದೆ: 3920, 4037, 4125, 4120. ಮೇಲಿಂದ ಕೆಳಕ್ಕೆ ಬರುತ್ತಾ ಸ್ವಲ್ಪ ಸ್ವಲ್ಪವೇ ಬಿಗಿಯಾಗುತ್ತದೆ, ಎಲ್ಲೂ ಧುತ್ತನೆ ಬೀಳುವುದಿಲ್ಲ. ಮೊದಲು ಹೇಳಿದ 45ರ ಸೆಟ್‌ಗೆ ಹೋಲಿಸಿದರೆ ನೆಕ್ ಮೇಲಿನ ಒಟ್ಟು ಟೆನ್ಷನ್ ಸುಮಾರು 16% ಇಳಿಯುತ್ತದೆ. ಇ ತಂತಿ ಮಾತ್ರ ಇದ್ದಲ್ಲೇ ಇರುತ್ತದೆ. ಪೂರ್ತಿ ಸೆಟ್ ತೆಳ್ಳಗೆ ಮಾಡುವ ಬದಲು ಮೇಲಿನ ಮೂರನ್ನು ಇಳಿಸಿ ಇ ತಂತಿಯನ್ನು ಉಳಿಸಿಕೊಳ್ಳುವುದು, ನನ್ನ ಪ್ರಕಾರ, ಈ ಸಮಸ್ಯೆಗೆ ಅತ್ಯಂತ ನೇರವಾದ ಪರಿಹಾರ. 40-60-75-95ರ ಮಾಮೂಲಿ ಹಗುರ ಸೆಟ್‌ನಲ್ಲಿ ಡಿ 4404ರಲ್ಲಿ ಉಳಿದು ಇ 3914ಕ್ಕೆ ಬೀಳುತ್ತದೆ. ಹಗುರ ಸೆಟ್ ಹಾಕಿ ಬೇಸರಪಟ್ಟವರ ಕಥೆ ಈ ಎರಡು ಅಂಕೆಗಳಲ್ಲೇ ಇದೆ.

ಐದು ತಂತಿಯ ಬೇಸ್ ಇದ್ದರೆ ಬಿ ತಂತಿಗೂ ಗುಣಿಸಿ, ಅದರ ಶ್ರುತಿ 30.87 ಹರ್ಟ್ಸ್. 125ರ ತಂತಿಗೆ 3859, 135ಕ್ಕೆ 4167. ಬಿ ತಂತಿಯನ್ನು 130ಕ್ಕಿಂತ ಕೆಳಗೆ ಇಳಿಸಬೇಡಿ, ಉಳಿದ ನಾಲ್ಕನ್ನು ಎಷ್ಟು ಬೇಕಾದರೂ ಹಗುರ ಮಾಡಿಕೊಳ್ಳಿ.

ಒಂದು ಎಚ್ಚರಿಕೆ. ಈ ಗುಣಾಕಾರ ಒಂದೇ ಬಗೆಯ ತಂತಿಗಳನ್ನು ಹೋಲಿಸಲು ಮಾತ್ರ. ರೌಂಡ್‌ವೂಂಡ್ ಜೊತೆ ಪಟ್ಟಿ ಸುತ್ತಿದ ಫ್ಲ್ಯಾಟ್‌ವೂಂಡ್, ನೈಲಾನ್ ಹೋಲಿಸಿದರೆ ದಾರಿ ತಪ್ಪುತ್ತದೆ. ಅಲ್ಲಿ ತಯಾರಕರು ಕೊಡುವ ಟೆನ್ಷನ್ ಪಟ್ಟಿಯನ್ನೇ ನೋಡಬೇಕು.

ತಂತಿಯ ಒಳಗೆ ಏನಿದೆ

ಬೇಸ್ ತಂತಿಯ ನಡುವೆ ಒಂದು ಉಕ್ಕಿನ ತಂತಿ, ಅದೇ ಕೋರ್. ಸುತ್ತಲೂ ಸುತ್ತಿದ ತಂತಿ ತೂಕ ಕೊಡುತ್ತದೆ. ಪೆಡಸುತನ ಹೆಚ್ಚಾಗಿ ಬರುವುದು ಕೋರ್‌ನಿಂದ. ದುಂಡು ಕೋರ್ ಇದ್ದರೆ ತಂತಿ ಸಲೀಸಾಗಿ ಬಾಗುತ್ತದೆ. ಆರು ಮೂಲೆಯ ಹೆಕ್ಸ್ ಕೋರ್ ಇದ್ದರೆ ಸುತ್ತು ಮೂಲೆಗಳನ್ನು ಕಚ್ಚಿ ಹಿಡಿಯುತ್ತದೆ, ತಂತಿ ಪೆಡಸಾಗುತ್ತದೆ. ಹೊರಗಿನ ದಪ್ಪ ಒಂದೇ ಇದ್ದರೂ ಕೋರ್ ದಪ್ಪಗಿದ್ದು ಸುತ್ತು ತೆಳ್ಳಗಿದ್ದರೆ ಬೆರಳಿಗೆ ಬಿಗಿ ಹೆಚ್ಚು.

ಈ ವ್ಯತ್ಯಾಸ ಕೈಯಾರೆ ತಿಳಿಯಬೇಕಾದರೆ ಒಂದೇ ತಯಾರಕರ ಎರಡು ಬಗೆ ಹೋಲಿಸಿ. ಡಿಆರ್ ಅವರ ಸನ್‌ಬೀಮ್ ದುಂಡು ಕೋರ್, ಲೋ ರೈಡರ್ ಹೆಕ್ಸ್ ಕೋರ್. ಅದೇ ದಪ್ಪದಲ್ಲಿ ಸನ್‌ಬೀಮ್ ಮೆತ್ತಗೆ, ಲೋ ರೈಡರ್ ಬಿಗಿ. ಕಡಿಮೆ ಟೆನ್ಷನ್‌ನಲ್ಲಿ ಬಿಗಿ ಬೇಕೆನ್ನುವವರು ಹೆಕ್ಸ್ ಕೋರ್ ಇರುವ ತೆಳ್ಳಗಿನ ತಂತಿಯ ಕಡೆ ಹೋಗಬೇಕು, ದುಂಡು ಕೋರ್ ಇರುವ ದಪ್ಪ ತಂತಿಯ ಕಡೆಗಲ್ಲ. ದುಂಡು ಕೋರ್ ತಂತಿ ಹಾಕುವಾಗ ಇನ್ನೊಂದು ನೆನಪಿಡಿ: ತುದಿಯನ್ನು ಮೊದಲು ಚೂಪಾಗಿ ಮಡಚಿ, ಆಮೇಲೆ ಕತ್ತರಿಸಿ. ಮಡಚದೆ ಕತ್ತರಿಸಿದರೆ ಸುತ್ತು ಸಡಿಲಾಗುತ್ತದೆ, ಹೊಸ ತಂತಿ ಮೊದಲ ದಿನವೇ ಸತ್ತಂತೆ ನುಡಿಯುತ್ತದೆ.

ಪೆಡಸುತನ ಪುಕ್ಕಟೆ ಬರುವುದಿಲ್ಲ. ಕೋರ್ ದಪ್ಪಗಾದಷ್ಟೂ ಮೂಲ ಸ್ವರದ ಜೊತೆ ಕೇಳುವ ಮೇಲಿನ ಸ್ವರಾಂಶಗಳು ಸ್ವಲ್ಪ ಮೇಲಕ್ಕೆ ಸರಿಯುತ್ತವೆ, ಜೋರಾಗಿ ಮೀಟಿದಾಗ ಶ್ರುತಿ ಹೆಚ್ಚು ಹಾರುತ್ತದೆ. ಟ್ಯೂನರ್ ಪರೀಕ್ಷೆಯಲ್ಲಿ ಮುಳ್ಳು ತುಂಬ ಹಾರುತ್ತಿದ್ದವರಿಗೆ ಇನ್ನಷ್ಟು ಪೆಡಸು ತಂತಿ ಮದ್ದಲ್ಲ. ಅವರಿಗೆ ಬೇಕಿರುವುದು ಇ ತಂತಿಯಲ್ಲಿ ನಿಜವಾದ ಟೆನ್ಷನ್. 100ರಿಂದ 105ಕ್ಕೆ ಹೋದರೆ 10% ಸಿಗುತ್ತದೆ.

ಫ್ಲ್ಯಾಟ್‌ವೂಂಡ್‌ನಲ್ಲಿ ಸುತ್ತು ಪಟ್ಟಿಯಾಕಾರ. ಸುತ್ತುಗಳ ನಡುವೆ ಜಾಗ ಇರುವುದಿಲ್ಲ, ಹಾಗಾಗಿ ಅದೇ ದಪ್ಪದ ರೌಂಡ್‌ವೂಂಡ್‌ಗಿಂತ ಸಾಮಾನ್ಯವಾಗಿ ತೂಕವೂ ಟೆನ್ಷನ್ನೂ ಜಾಸ್ತಿ, ಬಾಗುವುದು ಕಡಿಮೆ. ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿಯ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ಬಳಸುತ್ತಿದ್ದ ಲಾ ಬೆಲ್ಲಾ 52-110 ಈ ಜಾತಿಯ ಅತಿ ಭಾರದ ತುದಿ. ಇನ್ನೊಂದು ತುದಿಯಲ್ಲಿ ವಿಯೆನ್ನಾದ ಥೊಮಾಸ್ಟಿಕ್-ಇನ್‌ಫೆಲ್ಡ್ ಅವರ ಜಾಝ್ ಫ್ಲ್ಯಾಟ್ ಇದೆ, 43-56-70-100. ಅದರ ನಾದ ನನಗೆ ತುಂಬ ಪ್ರಿಯ, ಆದರೆ ಬೆರಳಿಗೆ ಅದು ರಬ್ಬರಿನಷ್ಟು ಮೆತ್ತಗೆ. ಕಡಿಮೆ ಟೆನ್ಷನ್ ಜೊತೆ ಬಿಗಿ ಬೇಕು ಅನ್ನುವವರಿಗೆ ಅದನ್ನು ಹೇಳಲಾರೆ. ಲಾ ಬೆಲ್ಲಾ ಅವರ ಲೋ ಟೆನ್ಷನ್ ಫ್ಲೆಕ್ಸಿಬಲ್ ಫ್ಲ್ಯಾಟ್ಸ್ ಕೂಡ, ಹೆಸರೇ ಹೇಳುವ ಹಾಗೆ, ಸುಲಭವಾಗಿ ಬಾಗುವ ಜಾತಿ. ಅಂಥವರಿಗೆ ಸರಿ ಅನ್ನಿಸುವುದು ಮಾಮೂಲಿ ಫ್ಲ್ಯಾಟ್‌ವೂಂಡ್‌ನ ತೆಳ್ಳಗಿನ ಸೆಟ್. ಟೆನ್ಷನ್ ಇಳಿದರೂ ಪಟ್ಟಿ ಸುತ್ತಿನ ಪೆಡಸುತನ ಉಳಿಯುತ್ತದೆ.

ನೈಲಾನ್ ಟೇಪ್ ಸುತ್ತಿದ ತಂತಿಯ ಅಂಕೆಗಳು ಹೆದರಿಸುತ್ತವೆ. ರೋಟೋಸೌಂಡ್ ಟ್ರೂ ಬೇಸ್ 65-115, ಲಾ ಬೆಲ್ಲಾ ಕಪ್ಪು ನೈಲಾನ್ 60-115. ನೈಲಾನ್ ಹಗುರ, ಹಾಗಾಗಿ ದಪ್ಪ ಇದ್ದಷ್ಟು ಟೆನ್ಷನ್ ಇಲ್ಲ. ಬೆರಳಿಗೆ ತುಂಬ ಸಿಗುವ ಆ ದಪ್ಪವನ್ನೇ ಕೆಲವರು ಬಿಗಿ ಅಂತ ಅನುಭವಿಸುತ್ತಾರೆ. ತೆಳ್ಳಗಿನ ತಂತಿ ಬೆರಳಿಗೆ ಕೊರೆಯುತ್ತದೆ ಅನ್ನುವವರು ಇದನ್ನು ಪ್ರಯತ್ನಿಸಬಹುದು, ನಟ್‌ನ ಸಂದು ಹಿಡಿಯುತ್ತದೆಯೇ ಅಂತ ಮೊದಲು ನೋಡಿಕೊಂಡು.

ಮೇಲ್ಮೈ ಕೂಡ ಲೆಕ್ಕಕ್ಕೆ ಬರುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಸುತ್ತು ಒರಟು, ಬೆರಳನ್ನು ಹಿಡಿದುಕೊಳ್ಳುತ್ತದೆ. ನಿಕಲ್ ನುಣುಪು, ಬೆರಳು ಜಾರುತ್ತದೆ. ಟೆನ್ಷನ್ ಒಂದೇ ಇದ್ದರೂ ಒರಟು ತಂತಿ ಬಿಗಿ ಅನ್ನಿಸುವವರಿದ್ದಾರೆ.

ವಾದ್ಯದ ಉದ್ದ, ಶ್ರುತಿ

30 ಇಂಚಿನ ಶಾರ್ಟ್ ಸ್ಕೇಲ್ ಬೇಸ್‌ಗೆ ಅದೇ ದಪ್ಪದ ತಂತಿ ಹಾಕಿದರೆ 34 ಇಂಚಿನದಕ್ಕಿಂತ ಟೆನ್ಷನ್ 22% ಕಡಿಮೆ. ಅಂಥ ವಾದ್ಯದಲ್ಲಿ ಮಾಮೂಲಿ ತಂತಿಯೇ ಕಡಿಮೆ ಟೆನ್ಷನ್ ತಂತಿ. ಅದರ ಮೇಲೆ ಇನ್ನೂ ಹಗುರದ್ದು ಹಾಕಿದರೆ ಜೋಲು ಬೀಳದೆ ಇರದು. 35 ಇಂಚಿನ ವಾದ್ಯದಲ್ಲಿ 6% ಹೆಚ್ಚು. ಎಲ್ಲ ತಂತಿಯನ್ನು ಅರ್ಧ ಸ್ವರ ಇಳಿಸಿ ನುಡಿಸುವವರು 11% ಕಳೆದುಕೊಳ್ಳುತ್ತಾರೆ, ಒಂದು ಸ್ವರ ಇಳಿಸಿದರೆ ಸುಮಾರು 21%. ಇ ತಂತಿಯನ್ನು ಡಿ ಸ್ವರಕ್ಕೆ ಇಳಿಸಿ ನುಡಿಸುವ ಅಭ್ಯಾಸ ಇದ್ದರೆ ಗುಣಿಸುವಾಗ 41.2ರ ಬದಲು 36.7 ಹಾಕಿ. ಆಗ ಇ ತಂತಿಗೆ ಎಷ್ಟು ದಪ್ಪ ಬೇಕು ಅನ್ನುವ ಉತ್ತರವೇ ಬದಲಾಗುತ್ತದೆ: 4120ರ ಬಿಗಿ ಬೇಕಾದರೆ 112ರ ಆಸುಪಾಸಿನ ತಂತಿ.

ಕೊಳ್ಳುವ ಮುಂಚೆ

ನೆಕ್, ನಟ್, ಪಿಕಪ್, ಕೈ ಎಲ್ಲ ನೋಡಿಯೂ ಜೋಲು ಉಳಿದಿದ್ದರೆ, ಈಗ ತಂತಿ ಕೊಳ್ಳುವುದು ಸರಿ. ಪೂರ್ತಿ ಸೆಟ್ ಬೇಡ, ಮೊದಲು ಒಂಟಿ ಇ ತಂತಿ ತನ್ನಿ. ಈಗಿರುವುದಕ್ಕಿಂತ 5 ಅಂಕೆ ಹೆಚ್ಚು ದಪ್ಪದ್ದು, ಅದೇ ತಯಾರಕರದ್ದು, ಹೆಕ್ಸ್ ಕೋರ್. ಅದರಲ್ಲೇ ಸರಿಹೋದರೆ ಉಳಿದ ಮೂರನ್ನು ಮುಟ್ಟಬೇಡಿ. ಸರಿಹೋಗದೆ ನಾಲ್ಕೂ ಮೆತ್ತಗೆ ಅನ್ನಿಸಿದರೆ ಆಗ ಕೋರ್ ಅಥವಾ ಸುತ್ತಿನ ಬಗೆ ಬದಲಿಸಿ, ದಪ್ಪ ಮಾತ್ರ ಹಾಗೇ ಇರಲಿ. ಒಮ್ಮೆಗೆ ಎರಡನ್ನೂ ಬದಲಿಸಿದರೆ ಯಾವುದು ಕೆಲಸ ಮಾಡಿತು ಅಂತ ಗೊತ್ತಾಗುವುದಿಲ್ಲ.

ಹಳೆಯ ತಂತಿಯ ಪೊಟ್ಟಣದಿಂದ ದಪ್ಪದ ಅಂಕೆಗಳನ್ನು ಬರೆದಿಟ್ಟುಕೊಳ್ಳಿ. ನೆಕ್‌ನ ಸಂದು, 17ನೇ ಫ್ರೆಟ್‌ನ ಎತ್ತರ ಎರಡನ್ನೂ ಅದರ ಪಕ್ಕದಲ್ಲೇ ಬರೆಯಿರಿ. ಹೊಸ ತಂತಿ ಹಾಕಿದ ಮರುದಿನ ಎರಡನ್ನೂ ಮತ್ತೆ ಅಳೆದು, ಸರಿಮಾಡಿ, ಆಮೇಲೆ ಒಂದೆರಡು ವಾರ ನುಡಿಸಿ. ಫ್ಲ್ಯಾಟ್‌ವೂಂಡ್ ಆದರೆ ಇನ್ನೂ ಸ್ವಲ್ಪ ಹೆಚ್ಚು ಸಮಯ ಕೊಡಿ. ಇಷ್ಟವಾಯಿತೋ ಇಲ್ಲವೋ ಅನ್ನುವ ತೀರ್ಮಾನ ಅದಾದ ಮೇಲೆಯೇ.